ಹೊಗೆಯಿಲ್ಲದ ಗಾಡಿಯ ನೀರು

"ಕುಡೀರಿ ಮೇಡಂ. ಈ ಗಾಡಿ ಹೊಗಿ ಉಗುಳೂದಿಲ್ಲ, ಬರೇ ನೀರು ಬಿಡ್ತದ."

ಶಹಾಪುರದ ಕಾಲೇಜಿನ ಅಂಗಳದಲ್ಲಿ, ಬಿಳಿ ಹೈಡ್ರೋಜನ್ ಕಾರಿನ ಕೊಳವೆಯಡಿ ಹಿಡಿದಿದ್ದ ಗ್ಲಾಸನ್ನು ಅಜರುದ್ದೀನ ರಸಾಯನಶಾಸ್ತ್ರದ ಮೇಡಂ ಅಂಬರೀನಳ ಮುಂದೆ ಚಾಚಿದ. ಕಾರು ತೋರಿಸಲು ಕಂಪನಿಯಿಂದ ಬಂದಿದ್ದ ಎಂಜಿನಿಯರ್ ಅವನು. ಕಣ್ಣಲ್ಲಿ ಎಂಥ ಹೆಮ್ಮೆ! ಅಂಬರೀನಳ ಎದೆ ಜೋರಾಗಿ ಬಡಿದುಕೊಂಡಿತು.

ಆದರೂ ಅವಳು ಗ್ಲಾಸು ಮುಟ್ಟಲಿಲ್ಲ.

"ಹೈಡ್ರೋಜನ್ ಎಲ್ಲಿಂದ ತಂದೀರಿ?" ಎಂದಳು.

ನೈಸರ್ಗಿಕ ಅನಿಲದಿಂದ ತೆಗೆದದ್ದು ಎಂದ ಅವನು, ದನಿ ತಗ್ಗಿಸಿ.

"ಹಂಗಾರ ಹೊಗಿ ಇಲ್ಲಿಲ್ಲ, ಆ ಅನಿಲದ ಕಾರ್ಖಾನ್ಯಾಗ ಅದ."

ಹುಡುಗರು ಹೋ ಎಂದು ನಕ್ಕರು. ಅಜರುದ್ದೀನ ನೀರನ್ನು ಬೇವಿನ ಗಿಡದ ಬುಡಕ್ಕೆ ಸುರಿದು ಹೊರಟೇ ಹೋದ.

ಕೊಟ್ಟ ನೀರು ಬೇಡವೆಂದರೆ ಕೊಟ್ಟವನೇ ಬೇಡವೆಂದಂತೆ. ಈ ಸೀಮೆಯಲ್ಲಿ ಆಗದವರ ಮನೆಯಲ್ಲೂ ಒಂದು ಗುಟುಕು ಕುಡಿದೇ ಮಾತಿಗಿಳಿಯುತ್ತಾರೆ. ಅಂಬರೀನಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಅವತ್ತು ಅವಳಿಗೆ ರೋಜಾ! ಹೊತ್ತು ಮುಳುಗುವವರೆಗೆ ಹನಿ ನೀರೂ ಕುಡಿಯುವಂತಿಲ್ಲ. ರಂಜಾನ್ ಮುಗಿದ ಮೇಲೆ ಮನಸ್ಸಿದ್ದವರು ಹಿಡಿಯುವ ಆರು ಉಪವಾಸಗಳಲ್ಲಿ ಒಂದು. ಅದನ್ನು ಊರಿಗೆಲ್ಲ ಸಾರಬಾರದೆಂದು ಅಜ್ಜಿ ಹಜರಾಬೀ ಕಲಿಸಿದ್ದಳು. ಜಾಣೆ ಮೇಡಂ ಪ್ರಶ್ನೆ ಕೇಳಿದಳು, ಹೇಳಬೇಕಾದ ಒಂದೇ ಮಾತನ್ನು ನುಂಗಿಕೊಂಡಳು.

ವರ್ಷವಿಡೀ ಸುರಪುರದ ಮನೆಯಿಂದ ಶಹಾಪುರಕ್ಕೆ ಬಸ್ಸಿನಲ್ಲಿ ಹೋಗುವಾಗ, ಎದುರು ಬಂದ ಪ್ರತಿ ಬಿಳಿ ಕಾರನ್ನೂ ತಿರುಗಿ ನೋಡಿದಳು. ಅವನ ನಂಬರು ಅವತ್ತು ಹಂಚಿದ್ದ ಪಾಂಪ್ಲೆಟ್ಟಿನಲ್ಲಿತ್ತು. 'ನನಗ ರೋಜಾ ಇತ್ತು' ಎಂದು ಬರೆಯುವುದು, ಅಳಿಸುವುದು... ಅವನು ಮರೆತಿರುತ್ತಾನೆ... ಮರೆಯದಿದ್ದರೆ? ಅದು ಇನ್ನೂ ಕಷ್ಟ!

ಮರುವರ್ಷ ರಂಜಾನ್ ಮುಗಿದ ಅದೇ ದಿನಗಳಲ್ಲಿ, ಕಾಲೇಜು ಬಿಡುವ ಹೊತ್ತಿಗೆ, ಬೇವಿನ ಗಿಡದ ಕೆಳಗೆ ಅದೇ ಕಾರು ನಿಂತಿತ್ತು.

ಅಜರುದ್ದೀನ ಸೊರಗಿದ್ದ. ಅವಳ ಪ್ರಶ್ನೆ ನಿದ್ದೆಗೆಡಿಸಿತಂತೆ. ಕಂಪನಿಯವರೊಂದಿಗೆ ಗುದ್ದಾಡಿ, ಬಿಸಿಲಿನ ಕರೆಂಟಿನಿಂದ ನೀರು ಒಡೆದು ಹೈಡ್ರೋಜನ್ ತೆಗೆಯುವ ಯಾದಗಿರಿ ಬಳಿಯ ಸಣ್ಣ ಘಟಕಕ್ಕೆ ವರ್ಗ ಮಾಡಿಸಿಕೊಂಡನಂತೆ.

"ನೀವು ಹೇಳಿದ್ದು ಖರೇ ಇತ್ತು. ಇದೂ ಭಾಳ ಕರೆಂಟು ತಿಂತದ. ಅಷ್ಟೇ ಕರೆಂಟಿನಾಗ ಬ್ಯಾಟರಿ ಗಾಡಿ ಇನ್ನೂ ದೂರ ಹೋಗ್ತದ. ಸುಳ್ಳು ಹೇಳಂಗಿಲ್ಲ. ಆದ್ರ ಈ ನೀರಿನ ಹಿಂದ ಆವತ್ತಿನಷ್ಟು ಹೊಗಿ ಇಲ್ರಿ."

ಗ್ಲಾಸು ಚಾಚಿದ.

ಅಂಬರೀನ ಎರಡೂ ಕೈಯಲ್ಲಿ ಹಿಡಿದಳು, ಆದರೆ ಕುಡಿಯಲಿಲ್ಲ. ಅವನ ಮುಖ ಬಾಡಿತು.

ಈ ಸಲ ಅವಳು ಮಾತು ನುಂಗಲಿಲ್ಲ.

"ನನಗ ಇವತ್ತ ರೋಜಾ ಅದ. ಆವತ್ತೂ ಇತ್ತು..."

ಅಜರುದ್ದೀನ ಕಾರಿಗೆ ಒರಗಿಬಿಟ್ಟ. ನಗಬೇಕೋ ಅಳಬೇಕೋ ಅವನಿಗೆ ತಿಳಿಯಲಿಲ್ಲ.

"ಹೊತ್ತು ಮುಳುಗೂತನಾ ಕಾಯ್ಲೇನ್ರಿ?"

"ನಾ ಒಂದು ವರ್ಷ ಕಾದೀನಿ. ನೀವು ಒಂದು ತಾಸು ಕಾಯ್ರಿ."

ಗುಡ್ಡದಾಚೆ ಸೂರ್ಯ ಇಳಿದ. ಸಂಜೆಯ ಅಜಾನ್ ಕೇಳಿತು. ಅವಳು ಒಂದು ಗುಟುಕು ಕುಡಿದು ಉಳಿದದ್ದನ್ನು ಅವನ ಕೈಗಿತ್ತಳು.

"ರುಚಿ ಹೆಂಗದ?" ಎಂದ ಮೆಲ್ಲಗೆ.

"ಸಪ್ಪಗದ," ಎಂದಳು ಕಣ್ಣೊರೆಸಿಕೊಳ್ಳುತ್ತ. "ನಾಳಿನೂ ರೋಜಾ ಅದ... ತರ್ತೀರಲ್ಲ?"