ಹತ್ತೊಂಬತ್ತು ಸಲ ಮುರಿದ ರೆಕ್ಕೆ

"ನಿಮ್ಮ ವಿಮಾನದ ರೆಕ್ಕೆ ಮುರೀತು."

ಬಾಗಿಲಲ್ಲಿ ನಿಂತು ಹೊಸ ಪೈಲಟ್ ಹೀಗೆಂದಾಗ ಅವಳು ಮೊದಲು ನೋಡಿದ್ದು ಅವನ ಕಣ್ಣುಗಳನ್ನು. ಸಿಟ್ಟು ಬಂದದ್ದು ಆಮೇಲೆ.

ಅದು ನೆಲ ಬಿಟ್ಟೇಳದ ವಿಮಾನ. ಪೈಲಟ್‌ಗಳ ತರಬೇತಿಗೆಂದು ಕೋಣೆಯಲ್ಲಿ ನಿಲ್ಲಿಸಿದ ಸಿಮ್ಯುಲೇಟರ್. ಎಷ್ಟು ಒತ್ತಡ ಬಿದ್ದರೆ ರೆಕ್ಕೆ ಮುರಿಯಬೇಕೆಂಬ ಪ್ರೋಗ್ರಾಂ ಬರೆದವಳು ಅವಳು. ಆಫೀಸಿನವರ ಬಾಯಲ್ಲಿ ರೆಕ್ಕೆಯಮ್ಮ. ಮುರಿದರೆ ಪರದೆ ಕೆಂಪಾಗಿ ನಿಂತುಬಿಡುತ್ತದೆ. ಬರೆದವರೇ ಬಂದು, ಪಕ್ಕದ ಸೀಟಿನಲ್ಲಿ ಕೂತು, ವರದಿ ತುಂಬಿ, ಮತ್ತೆ ಚಾಲೂ ಮಾಡಬೇಕು. ಅಲ್ಲಿಯ ನಿಯಮ ಅದು.

"ಕಂಟ್ರೋಲ್ ಹಿಡಿಕೆ ಜೋರಾಗಿ ಎಳೆದ್ರಾ?"

"ಮೆತ್ತಗೇ ಎಳೆದೆ."

"ಮೆತ್ತಗೆ ಎಳೆದ್ರೆ ಮುರಿಯಲ್ಲ ರೀ."

"ನಿಮ್ಮ ರೆಕ್ಕೆ ಸ್ವಲ್ಪ ನಾಜೂಕು ಅನ್ಸುತ್ತೆ..."

ಅವಳ ಮೈ ಉರಿದುಹೋಯಿತು.

ಮೂರು ವಾರದಲ್ಲಿ ಹತ್ತೊಂಬತ್ತು ಸಲ ಮುರಿಯಿತು. ಪ್ರತಿ ಸಲವೂ ಪಕ್ಕದಲ್ಲಿ ಕೂತು ಜಗಳ. ಜಗಳವಿಲ್ಲದ ದಿನ ಯಾಕೋ ಸಪ್ಪೆ... ಅದನ್ನು ಮಾತ್ರ ಅವಳು ಒಪ್ಪಿಕೊಳ್ಳಲಿಲ್ಲ.

ಕೊನೆಗೆ ಮುಖ್ಯಸ್ಥರು ಕರೆದರು. "ಎರಡು ವರ್ಷದ ಕೆಲಸ, ನಂಗೂ ಬೇಜಾರಮ್ಮ. ಆದ್ರೆ ಇಷ್ಟು ಮುರಿಯೋ ರೆಕ್ಕೆ ಇಟ್ಕೊಂಡು ಏನ್ ಮಾಡ್ಲಿ? ನಾಳೆ ನಿನ್ನ ಪ್ರೋಗ್ರಾಂ ತೆಗೆಸ್ತೀನಿ."

ಅವಳು ಕಣ್ಣೊರೆಸಿಕೊಂಡು ಹತ್ತೊಂಬತ್ತು ಹಾರಾಟಗಳ ದಾಖಲೆಯನ್ನೂ ತೆರೆದಳು. ಆಕಾಶ ನಿರ್ಮಲ, ಗಾಳಿಯಿಲ್ಲ. ಒತ್ತಡದ ಗೆರೆ ನಿಧಾನವಾಗಿ ಏರಿ, ರೆಕ್ಕೆಯ ಮಿತಿಯನ್ನು ಕೂದಲೆಳೆಯಷ್ಟು ದಾಟಿ ನಿಂತಿದೆ. ಹತ್ತೊಂಬತ್ತು ಸಲವೂ ಅಷ್ಟೇ. ಇಷ್ಟು ನಯವಾಗಿ ಯಾರೂ ತಪ್ಪು ಮಾಡುವುದಿಲ್ಲ. ಭಗವಂತ ಮನುಷ್ಯನ ಮನಸ್ಸಿಗೂ ಹೀಗೆ ಕಣ್ಣಿಗೆ ಕಾಣುವಂಥ ಗೆರೆಯೊಂದನ್ನು ಕೊಟ್ಟಿದ್ದರೆ ಎಷ್ಟು ಜನ ಸುಖವಾಗಿರುತ್ತಿದ್ದರೋ.

"ಬೇಕಂತಲೇ ಮುರಿದಿದ್ದೀರಿ," ಎಂದು ಅವನೆದುರು ನಿಂತಳು.

ಅವನ ಮುಖ ಇಳಿಯಿತು. "ಹೌದು... ಮುರಿದ್ರೆ ತಾನೇ ನೀವು ಬರೋದು?"

"ನನ್ನ ಎರಡು ವರ್ಷದ ಕೆಲಸ ನಾಳೆ ಕಸದ ಬುಟ್ಟಿಗೆ. ಗೊತ್ತಾ?"

ಅವನಿಗೆ ಗೊತ್ತಿರಲಿಲ್ಲ. ನೇರವಾಗಿ ಮುಖ್ಯಸ್ಥರ ಕೋಣೆಗೆ ನಡೆದ. ಅರ್ಧ ಗಂಟೆಯ ಮೇಲೆ ಹೊರಬಂದಾಗ ಕಿವಿಗಳೆರಡೂ ಕೆಂಪಾಗಿದ್ದವು.

"ರೆಕ್ಕೆ ಸರಿಯಾಗಿದೆ, ತಪ್ಪು ನಂದು ಅಂತ ಬರೆದುಕೊಟ್ಟೆ. ನಿಮ್ಮ ಕೆಲಸ ಉಳೀತು. ನಾನು ಒಂದು ತಿಂಗಳು ಸಿಮ್ಯುಲೇಟರ್ ಹತ್ರ ಸುಳಿಯೋ ಹಾಗಿಲ್ಲ."

"ಕಾರಣ ಏನಂತ ಬರೆದ್ರಿ?"

"ಇದ್ದಿದ್ದನ್ನೇ. ಇವರಂದ್ರೆ ನಂಗೆ ಇಷ್ಟ ಅಂತ. ಮೂರು ಪ್ರತಿ, ಸಹಿ ಸಮೇತ."

ಅವಳಿಗೆ ನಗು ತಡೆಯಲಾಗಲಿಲ್ಲ. "ಆಫೀಸಿಗೆಲ್ಲ ಹೇಳಿ, ನನಗೊಬ್ಬಳಿಗೆ ಹೇಳ್ಲಿಲ್ಲ."

"ಈಗ ಹೇಳ್ಲಾ?"

"ಇಲ್ಲಿ ಬೇಡ. ಭಾನುವಾರ ಮನೆಗೆ ಬನ್ನಿ. ಅಪ್ಪ ಇರ್ತಾರೆ."

"ಯಾಕೆ ಬಂದೆ ಅಂತ ಅವರು ಕೇಳಿದ್ರೆ...?"

ಅವಳು ತಲೆ ತಗ್ಗಿಸಿ ಮೆಲ್ಲಗೆ ಅಂದಳು, "ನಾನು ಕರೆದೆ ಅಂತ ಹೇಳಿ."