ಫ್ಯಾನಿಗೆ ಸುತ್ತಿದ ಕೂದಲು

ಲ್ಯಾಪ್‌ಟಾಪಿನ ಫ್ಯಾನ್ ತಿರುಗದಿರಲು ನೂರೆಂಟು ಕಾರಣಗಳಿರುತ್ತವೆ. ಇದಕ್ಕೆ ಇದ್ದದ್ದು ಒಂದೇ ಕಾರಣ, ಒಂದು ಮೊಳಕ್ಕಿಂತಲೂ ಉದ್ದದ ಕೂದಲು.

ಚಿಮಟದಲ್ಲಿ ಅದನ್ನು ಹಿಡಿದೆಳೆದ ರಿಪೇರಿಯವಳ ಮುಖ ನೋಡಬೇಕಿತ್ತು. ಕಪ್ಪು ಕೂದಲು, ನುಣುಪು ಬೇರೆ. ಎಳೆದಷ್ಟೂ ಬರುತ್ತಿತ್ತು, ಒಂದು ತುದಿ ಮಾತ್ರ ಒಳಗೆಲ್ಲೋ ಸಿಕ್ಕಿಕೊಂಡಿತ್ತು. ಈ ಲ್ಯಾಪ್‌ಟಾಪಿನ ಯಜಮಾನನದ್ದಂತೂ ಅಲ್ಲ. ಅವನ ಕೂದಲು ಬೆರಳಿಗೆ ಸಿಗದಷ್ಟು ಗಿಡ್ಡ. ಸಿಗುತ್ತದೋ ಇಲ್ಲವೋ ಎಂದು ಅವಳು ಮನಸ್ಸಿನಲ್ಲೇ ಹತ್ತಾರು ಸಲ ಬೆರಳಾಡಿಸಿ ನೋಡಿಯೂ ಆಗಿತ್ತು.

"ಸಿಕ್ತೇನೇ ಕಾರಣ?" ಕೌಂಟರಿನಿಂದ ಚಿಕ್ಕಮ್ಮನ ದನಿ. ಅಂಗಡಿ ಇಬ್ಬರದೂ. ಒಳಕೋಣೆಯ ರಿಪೇರಿ ಇವಳದು, ಗಿರಾಕಿಗಳ ಜೊತೆ ಮಾತು ಚಿಕ್ಕಮ್ಮನದು.

"ಸಿಕ್ತು. ಯಾವಳೋ ಅವರ ಹೆಗಲಿಗೆ ತಲೆ ಒರಗಿಸ್ಕೊಂಡು ಕೂರ್ತಾಳೆ."

"ಯಾರ ಹೆಗಲಿಗೆ?"

"ಯಾರದಾದ್ರೆ ನನಗೇನು!"

ಚಿಕ್ಕಮ್ಮ ನಕ್ಕಳು. ಯಾರ ಹೆಗಲು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅವನು ಸೌಂಡ್ ಎಡಿಟರ್. ಆಡಿಯೋ ಪುಸ್ತಕಗಳನ್ನು ಓದುವವರ ಕೆಮ್ಮು, ಉಸಿರು, ಪುಟ ಮಗುಚಿದ ಸದ್ದು, ಎಲ್ಲವನ್ನೂ ಹೆಕ್ಕಿ ತೆಗೆಯುವುದು ಅವನ ಕೆಲಸ. ಕೊರಳಲ್ಲಿ ಸದಾ ಹೆಡ್‌ಫೋನ್ ಇರುವುದರಿಂದ ಚಿಕ್ಕಮ್ಮ ಅವನಿಗೆ ಇಟ್ಟ ಹೆಸರೂ 'ಹೆಡ್‌ಫೋನ್'. ಮೊದಲ ಸಲ ಕೀಬೋರ್ಡಿಗೆ ಚಹಾ ಚೆಲ್ಲಿಕೊಂಡು ಬಂದಿದ್ದ. ಎರಡನೇ ಸಲ ಚಾರ್ಜರ್ ಹಿಡಿದು ಬಂದ. ಅದರಲ್ಲಿ ಯಾವ ದೋಷವೂ ಇರಲಿಲ್ಲ. ತಿಂಗಳ ಹಿಂದೆ ಮಾತ್ರ ನಿಜವಾದ ರೋಗ ತಂದಿದ್ದ. ಲ್ಯಾಪ್‌ಟಾಪ್ ಕಾದು ಕೆಂಡವಾಗಿ, ಹೇಳದೆ ಕೇಳದೆ ಆಫ್ ಆಗುತ್ತಿತ್ತು. ಅವಳು ಬಿಚ್ಚಿ, ಧೂಳು ಊದಿ, ಪ್ರೊಸೆಸರಿನ ಮೇಲೆ ಒಣಗಿದ್ದ, ಬಿಸಿ ಸಾಗಿಸುವ ಪೇಸ್ಟ್ ಒರೆಸಿ ಹೊಸದು ಹಚ್ಚಿ ಕೊಟ್ಟಿದ್ದಳು.

ಈ ಬೆಳಿಗ್ಗೆ ಮತ್ತೆ ಬಂದು ನಿಂತಿದ್ದ.

"ಡಾಕ್ಟ್ರೇ, ಮೊದಲು ಸಣ್ಣಗೆ ಕರಕರ ಅನ್ನುತ್ತೆ. ಆಮೇಲೆ ಫ್ಯಾನೇ ಸುಮ್ಮನಾಗುತ್ತೆ. ಹತ್ತು ನಿಮಿಷದಲ್ಲಿ ಸ್ಕ್ರೀನ್ ಕಪ್ಪು. ನಿನ್ನೆ ಒಂದಿಡೀ ಅಧ್ಯಾಯ ಹೋಯ್ತು."

"ಸೇವ್ ಮಾಡಿರ್ಲಿಲ್ವಾ?"

"ಈ ಪುಸ್ತಕ ಓದ್ತಿರೋ ಮೇಡಂ ದನಿ ಕೇಳ್ತಾ ಮೈಮರೆತುಬಿಟ್ಟೆ. ಅವರು ಓದಿದ್ರೆ ಸಾಮಾನಿನ ಚೀಟಿ ಕೂಡ ಕಥೆ ಆಗುತ್ತೆ, ಗೊತ್ತಾ?"

ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವ ಆಸೆಯೂ ಅವಳಿಗಿರಲಿಲ್ಲ. ಹೊಟ್ಟೆಯಲ್ಲಿ ಯಾರೋ ಒಲೆ ಹಚ್ಚಿದ ಹಾಗಾಗಿತ್ತು.

"ಸ್ಟುಡಿಯೋದವರು ಹೊಸ ಲ್ಯಾಪ್‌ಟಾಪ್ ಕೊಡ್ತೀವಿ ಅಂತಿದ್ದಾರೆ. ಸಂಜೆಯೊಳಗೆ ಹೇಳ್ಬೇಕು. ಇದು ಉಳಿಯುತ್ತೆ ಅಂತ ನೀವಂದ್ರೆ ಇದನ್ನೇ ಇಟ್ಕೋತೀನಿ," ಎಂದು ಅವನು ಅವಳ ಮುಖವನ್ನು ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ನೋಡಿದ್ದ. "ನಿಮ್ಮ ಮಾತೇ ಕೊನೆ."

ಹಾಗೆ ನೋಡುವುದು ಇಲ್ಲಿ, ಮೈಮರೆಯುವುದು ಅಲ್ಲಿ! ಮಧ್ಯಾಹ್ನವಿಡೀ ಅವಳು ಆ ದನಿಯವಳಿಗೆ ಉದ್ದ ಜಡೆ ಹಾಕಿ, ಚೂಪು ಮೂಗು ಕೊಟ್ಟು, ಅವನ ಸೋಫಾದ ಮೇಲೆ ಕೂರಿಸಿ, ಹಲ್ಲು ಕಡಿದಳು. ಹೊಸ ಲ್ಯಾಪ್‌ಟಾಪ್ ಬಂದರೆ ಅವನು ಮತ್ತೆ ಈ ಮೆಟ್ಟಿಲು ಹತ್ತುವುದಿಲ್ಲ ಎನ್ನುವ ಸಂಕಟ ಇನ್ನೊಂದು ಕಡೆ.

ನಾಲ್ಕೂವರೆಗೆ ಹೊರಗೆ ದನಿ ಕೇಳಿಸಿತು. ನಿಜವಾಗಿಯೂ ಚೆಂದದ ದನಿ. ಸ್ಕ್ರೂಡ್ರೈವರ್ ಕೆಳಗಿಟ್ಟು ಪರದೆ ಸರಿಸಿದಳು. ಅವನ ಪಕ್ಕದಲ್ಲಿ ಅರವತ್ತು ದಾಟಿದ ಹೆಂಗಸೊಬ್ಬರು ನಿಂತಿದ್ದರು. ಹತ್ತಿಯಂಥ ಬಿಳಿ ಕೂದಲನ್ನು ಕಿವಿಯ ಮೇಲಕ್ಕೆ ಕತ್ತರಿಸಿದ್ದರು.

"ಇವರೇನಾ ಡಾಕ್ಟ್ರು? ನಾನು ಕಾರಲ್ಲಿರ್ತೀನಪ್ಪ, ನೀನು ನಿಧಾನಕ್ಕೆ ಬಾ," ಎಂದು ಅವರು ಇಳಿದು ಹೋದರು.

ಪುಸ್ತಕ ಓದುವ ದನಿ ಇವರದೇ! ಅವಳಿಗೆ ಹೋದ ಜೀವ ಬಂದಂತಾಯಿತು. ಒಂದೇ ಉಸಿರಿನ ಹೊತ್ತು, ಅಷ್ಟೇ. ಹಾಗಾದರೆ ಕೂದಲು ಇವರದಲ್ಲ. ಹಾಗಾದರೆ ಇನ್ನೊಬ್ಬಳಿದ್ದಾಳೆ!

"ನಿಮ್ಮ ಮನೇಲಿರೋರಿಗೆ ತಲೆ ಕಟ್ಟಿಕೊಂಡು ಓಡಾಡೋಕೆ ಹೇಳಿ," ಎಂದಳು ಸಿಡುಕಿ.

"ಮನೇಲಿರೋರಾ? ನಾನೊಬ್ಬನೇ ಇರೋದು."

"ಒಬ್ಬರೇ ಇರೋರ ಫ್ಯಾನಲ್ಲಿ ಇಷ್ಟುದ್ದ ಕೂದಲು ಎಲ್ಲಿಂದ ಬಂತು?"

"ನೆಂಟರು ಕೂಡ ಯಾರೂ ಬಂದಿಲ್ಲ ಡಾಕ್ಟ್ರೇ, ಆಣೆ."

"ಇರಿ, ತಂದು ತೋರಿಸ್ತೀನಿ."

ದುಡುದುಡು ಒಳಗೆ ಹೋಗಿ ಸಿಕ್ಕಿಕೊಂಡಿದ್ದ ತುದಿಯನ್ನು ಎಳೆದಳು. ಬರಲಿಲ್ಲ. ಪ್ರೊಸೆಸರಿನ ಮೇಲಿನ ತಾಮ್ರದ ಪಟ್ಟಿಯ ಸ್ಕ್ರೂಗಳನ್ನು ಬಿಚ್ಚಿ ಎತ್ತಿದಳು. ತುದಿ ಅದರಡಿಯ ಬೂದು ಪೇಸ್ಟಿನಲ್ಲಿ ಹೂತುಕೊಂಡಿತ್ತು.

ಆ ಪೇಸ್ಟ್ ಹಚ್ಚಿದವಳು ಅವಳು. ಆ ಪಟ್ಟಿ ಮುಚ್ಚಿ ಸ್ಕ್ರೂ ಬಿಗಿದವಳೂ ಅವಳೇ. ಅದರೊಳಗೆ ಬೇರೆ ಯಾರ ಕೂದಲೂ ಹೋಗುವ ದಾರಿ ಇರಲಿಲ್ಲ.

ಅವಳು ಕೈ ಎತ್ತಿ ಕ್ಯಾಪ್ ಮುಟ್ಟಿಕೊಂಡಳು. ಕೆಲಸದ ಮೇಜಿನ ಮುಂದೆ ಕೂದಲು ಪೂರ್ತಿ ಕ್ಯಾಪಿನೊಳಗೆ ಇರಬೇಕು ಎನ್ನುವುದು ಅವಳೇ ಮಾಡಿದ ನಿಯಮ. ಹತ್ತು ವರ್ಷದಲ್ಲಿ ಅದನ್ನು ಮುರಿದದ್ದು ಒಂದೇ ದಿನ. ತಿಂಗಳ ಹಿಂದೆ, ಅವನು ಬರುತ್ತೇನೆಂದು ಫೋನ್ ಮಾಡಿದ ದಿನ, ತಲೆಗೆ ಸ್ನಾನ ಮಾಡಿ ಕೂದಲು ಹರವಿಕೊಂಡು ಕೂತಿದ್ದಳು. ಮಧ್ಯಾಹ್ನವೆಲ್ಲ ಶಾಪ ಹಾಕಿದ್ದು ತನ್ನ ತಲೆಗೇ!

ನಗು ಬರಲಿಲ್ಲ. ಅವನ ಅಧ್ಯಾಯ ಹಾಳು ಮಾಡಿದ್ದು ಅವಳು. 'ಹಳೇ ಲ್ಯಾಪ್‌ಟಾಪ್, ಇನ್ನು ಆಗಲ್ಲ' ಎಂದುಬಿಟ್ಟರೆ ಮುಗಿಯಿತು, ಕೂದಲು ಕಸದ ಬುಟ್ಟಿಗೆ, ಮಾನ ಜೋಪಾನ. ಅವನು ಹೊಸದು ತಗೊಂಡು ಹೋಗುತ್ತಾನೆ, ಮತ್ತೆಂದೂ ಬರುವುದಿಲ್ಲ. ನಿಜ ಹೇಳುವುದಾದರೆ ತಪ್ಪನ್ನಷ್ಟೇ ಹೇಳಿದರೆ ಸಾಲದು. ಅವತ್ತು ಕೂದಲು ಯಾಕೆ ಬಿಟ್ಟಿದ್ದಳು ಎನ್ನುವುದನ್ನೂ ಹೇಳಬೇಕು.

ಕಸದ ಬುಟ್ಟಿ ಕಾಲಬಳಿಯೇ ಇತ್ತು. ಅವಳು ಕೂದಲನ್ನು ಬೆರಳಿಗೆ ಸುತ್ತಿಕೊಂಡು ಹೊರಗೆ ಬಂದಳು.

"ನಿಮ್ಮ ಲ್ಯಾಪ್‌ಟಾಪಿಗೆ ಏನೂ ಆಗಿಲ್ಲ. ಇನ್ನೂ ನಾಲ್ಕು ವರ್ಷ ಬರುತ್ತೆ. ತಪ್ಪು ನನ್ನದು. ಕೂದಲೂ ನನ್ನದೇ."

ಚಿಕ್ಕಮ್ಮ ರಸೀದಿ ಪುಸ್ತಕದಿಂದ ತಲೆ ಎತ್ತಿದಳು.

"ನಿಮ್ಮದಾ? ನೀವು ಯಾವಾಗ್ಲೂ ಕ್ಯಾಪ್ ಹಾಕಿರ್ತೀರಲ್ಲ," ಎಂದ ಅವನು.

"ಅವತ್ತು ಹಾಕಿರ್ಲಿಲ್ಲ."

"ಯಾಕೆ?"

"ನೀವು ನೋಡ್ಲಿ ಅಂತ."

ಹೇಳಿ ನಾಲಿಗೆ ಕಚ್ಚಿಕೊಂಡಳು. ಆದರೆ ಇಷ್ಟು ಹೇಳಿದ ಮೇಲೆ ಉಳಿದದ್ದನ್ನು ಇಟ್ಟುಕೊಂಡೇನು ಮಾಡುವುದು? "ಇವತ್ತಿಡೀ ಇದು ಬೇರೆ ಯಾರದೋ ಅಂತ ಹೊಟ್ಟೆ ಉರ್ಕೊಂಡಿದ್ದೀನಿ. ನನಗೆ ನೀವಂದ್ರೆ ಅಷ್ಟು ಇಷ್ಟ. ಬೈಯೋದಿದ್ರೆ ಬೈದುಬಿಡಿ."

ಅವನು ಬೈಯಲಿಲ್ಲ. ಕೊರಳಿನ ಹೆಡ್‌ಫೋನ್ ತೆಗೆದು ಕೌಂಟರಿನ ಮೇಲಿಟ್ಟ. ಅದಿಲ್ಲದೆ ಅವನನ್ನು ಅವಳು ನೋಡಿದ್ದು ಅದೇ ಮೊದಲು.

"ನೋಡಿದ್ದೆ," ಎಂದ ಮೆಲ್ಲಗೆ. "ನಿಮ್ಮ ಬಾಯಲ್ಲೇ ಕೇಳೋಣ ಅಂತ ಗೊತ್ತಿಲ್ಲದೋನ ಹಾಗೆ ಕೇಳ್ದೆ. ಅವತ್ತಾದ ಮೇಲೆ ಮೂರು ಸಲ ಈ ರಸ್ತೇಲಿ ಸುಮ್ಮನೆ ಓಡಾಡಿದೀನಿ. ಒಂದ್ಸಲ ಯಾವನೋ ಎತ್ತರದ ಗಿರಾಕಿ ಜೊತೆ ನಗ್ತಾ ನಿಂತಿದ್ರಿ. ಉರಿ ತಡೀಲಾರದೆ ವಾಪಸ್ ಹೋದೆ."

"ಅವನು ಕೊರಿಯರಿನವನು ಕಣಪ್ಪ," ಎಂದಳು ಚಿಕ್ಕಮ್ಮ. ಆಮೇಲೆ ಏನೋ ಕೆಲಸ ನೆನಪಾದವಳಂತೆ ಒಳಗೆ ಹೋದಳು.

"ಆದ್ರೆ ಸ್ಟುಡಿಯೋದವರಿಗೆ ದಾರೀಲೇ ಹೂಂ ಅಂದ್ಬಿಟ್ಟೆ," ಎಂದ ಅವನು. "ಹೊಸದು ನಾಳೆ ಬರುತ್ತೆ."

ಅವಳ ಮುಖ ಇಳಿಯಿತು. "ನನ್ನ ಮಾತೇ ಕೊನೆ ಅಂದಿದ್ರಿ."

"ಏನಾದ್ರೂ ಕೆಟ್ಟರೆ ಮಾತ್ರ ನಿಮ್ಮ ಹತ್ರ ಬರೋದು ನನಗೂ ಸಾಕಾಗಿತ್ತು. ನಾಳೆ ಸಂಜೆ ಏನೂ ಕೆಡದೆ, ಬರಿಗೈಲಿ ಬರ್ತೀನಿ. ಒಳಗೆ ಬಿಡ್ತೀರಾ?"

ಅವಳು ತುಟಿ ಬಿಗಿಹಿಡಿದು ನಗು ತಡೆದಳು, ಆಗಲಿಲ್ಲ.

"ಬನ್ನಿ," ಎಂದಳು. "ಆದ್ರೆ ಆ ಹೊಸ ಲ್ಯಾಪ್‌ಟಾಪ್‌ನ ಬೇರೆ ಯಾವಳಾದ್ರೂ ಬಿಚ್ಚಿದ್ಲು ಅಂತ ಗೊತ್ತಾಗ್ಬೇಕು, ಆಮೇಲಿದೆ ನಿಮಗೆ!"