ದೋಣಿಯಮ್ಮನ ಕೆಂಪು ಬಟ್ಟೆ

"ನೀನೇ ಸಂದಾ ಅಲ್ವಾ?"

ದೋಣಿಯಿಂದ ಇಳಿದು ಬಂದ ಅವನು ಕೇಳಿದ್ದು ಇಷ್ಟೇ. ಉತ್ತರವಾಗಿ ಅವಳ ಕೈಯಲ್ಲಿದ್ದ ಮೀನಿನ ಕೊಕ್ಕೆ ಅವನ ಎಡ ಭುಜಕ್ಕೆ ಕಚ್ಚಿಕೊಂಡಿತು!

ರನೋಂಗ್ ಬಂದರಿನ ಕಟ್ಟೆಯ ಮೇಲೆ ಮೀನು ವಿಂಗಡಿಸುತ್ತಿದ್ದ ಕೈಗಳೆಲ್ಲ ಹಾಗೇ ನಿಂತುಬಿಟ್ಟವು.

"ನನ್ನಣ್ಣ ಎಲ್ಲೋ? ಎಲ್ರೂ ದೋಣಿ ಇಳಿದ್ರು, ಯೇಲಿನ್ ಎಲ್ಲಿ, ಬೊಗಳು!"

ಅವನು ಕೈ ಎತ್ತಲಿಲ್ಲ. ಕೊಕ್ಕೆಯನ್ನು ಕಿತ್ತುಕೊಳ್ಳಲೂ ಇಲ್ಲ. ರಕ್ತ ಅಂಗಿಯಿಂದಿಳಿದು ಐಸಿನ ಮೇಲೆ ತೊಟ್ಟಿಕ್ಕುತ್ತಿತ್ತು.

"ಅವನನ್ನೇನು ಕೇಳ್ತೀಯಾ ಹುಡುಗಿ? ದೋಣಿ ಮೂತಿ ನೋಡು!" ಮೇಲಿನಿಂದ ಕೂಗಿದವನು ದೋಣಿ ನಡೆಸುವ ತಾಂಡೇಲ ಪ್ರಚಕ್.

ನೋಡಿದಳು. ದೋಣಿಯ ಮೂತಿ ಬೋಳು...!

ಇಪ್ಪತ್ತು ದಿನಗಳ ಹಿಂದೆ ದೋಣಿ ಕಡಲಿಗೆ ಇಳಿದಾಗ ಅಲ್ಲಿ ಹಳದಿ, ಹಸಿರು, ಕೆಂಪು ಬಟ್ಟೆಗಳಿದ್ದವು. ಕೆಂಪು ಬಟ್ಟೆ ಸಂದಾ ಕೊಟ್ಟದ್ದು. ತೀರಿಹೋದ ಅಮ್ಮನ ಶಾಲನ್ನು ಹರಿದು, ಎರಡು ಸುತ್ತು ಸುತ್ತಿ, ಮೂರು ಗಂಟು ಹಾಕಿಸಿದ್ದಳು. ದೋಣಿಯನ್ನು ಕಾಯುವ ಅಮ್ಮ ಕೂರುವುದೇ ಆ ಮೂತಿಯಲ್ಲಿ. ಅಲ್ಲಿ ಯಾರೂ ಕಾಲಿಡುವುದಿಲ್ಲ. ಆ ಬಟ್ಟೆ ಬಿಚ್ಚುವುದೆಂದರೆ ಹೆತ್ತ ತಾಯಿಯ ಮೈಮೇಲಿನ ಬಟ್ಟೆಗೆ ಕೈ ಹಾಕಿದ ಹಾಗೆ.

"ಎಂಜಿನ್ ನೋಡ್ಕೊಳ್ಳೋ ಈ ವಾರಿತ್ ನಿನ್ನೆ ಅಮ್ಮನ ಬಟ್ಟೆಗೇ ಚಾಕು ಹಾಕಿದ. ಅದೇ ಗಳಿಗೇಲಿ ನಿನ್ನಣ್ಣ ಕಡಲು ಪಾಲಾದ!"

ವಾರಿತ್...?

ಸಂದಾ ಆ ಮುಖ ನೋಡಿದ್ದು ಇದೇ ಮೊದಲಾದರೂ ಹೆಸರು ಎರಡು ವರ್ಷದಿಂದ ಗೊತ್ತು. "ವಾರಿತ್‌ಗೂ ಸೇರಿಸಿ ಹಾಕೇ. ನಿನ್ನ ಹುಳಿ ಚಹಾ ಎಲೆ ಕಲಸನ್ನ ಅಂದ್ರೆ ಡಬ್ಬಿನೇ ನೆಕ್ತಾನೆ" ಎಂದು ಯೇಲಿನ್ ಪ್ರತಿ ಸಲವೂ ಹೇಳುತ್ತಿದ್ದ. ತೊಳೆದ ಡಬ್ಬಿ ವಾಪಸ್ ಬರುವಾಗ ಒಳಗೊಂದು ಕವಡೆ ಇರುತ್ತಿತ್ತು. ಅವನ್ನೆಲ್ಲ ಅವಳು ಕಾಯಿ ಚಿಪ್ಪಿನಲ್ಲಿ ಜೋಪಾನ ಮಾಡಿದ್ದಳು. ಯಾಕೆ ಅಂತ ತನ್ನನ್ನು ತಾನೇ ಕೇಳಿಕೊಂಡಿರಲಿಲ್ಲ.

"ಸುಳ್ಳು ಅಂತ ಹೇಳು... ಒಂದ್ ಸಲ ಹೇಳು!"

ವಾರಿತ್ ಅವಳನ್ನು ನೋಡಿದ. ಆಮೇಲೆ ಪ್ರಚಕ್‌ನನ್ನು ನೋಡಿದ.

"ಬಟ್ಟೆ ಕೊಯ್ದಿದ್ದು ನಾನೇ," ಎಂದ.

ಅಷ್ಟು ಸಾಕಾಯಿತು! ನಮ್ಮ ರನೋಂಗ್ ಜನ ಕೆಟ್ಟವರಲ್ಲ. ವರ್ಷದಲ್ಲಿ ಎಂಟು ತಿಂಗಳು ಮಳೆಯಲ್ಲಿ ನೆಂದೂ ನಗುವವರು. ಆದರೆ ದೋಣಿಯಮ್ಮನ ವಿಷಯಕ್ಕೆ ಬಂದರೆ ಮುಗಿಯಿತು. ಹುಟ್ಟು, ಬುಟ್ಟಿ, ಬೂಟುಗಾಲು, ಯಾರ ಕೈಗೆ ಏನು ಸಿಕ್ಕಿತೋ ಅದು ಅವನ ಮೇಲೆ ಬಿತ್ತು. ಪಕ್ಕೆಲುಬು ಮುರಿದ ಸದ್ದು ಸಂದಾಳಿಗೂ ಕೇಳಿಸಿತು. ಅವಳು ಕಣ್ಣು ಮುಚ್ಚಿಕೊಂಡಳು. ಬಿಡಿಸಲಿಲ್ಲ.

ಬಿಡಿಸಿದ್ದು ಗಂಜಿ ಮಾರುವ ಬುನ್ಮಾ ಅತ್ತೆ. ಕುದಿಯುವ ಗಂಜಿಯನ್ನು ಸೌಟಿನಲ್ಲಿ ಎತ್ತಿ ಗುಂಪಿನ ಮೇಲೆ ಎರಚಿಬಿಟ್ಟಳು!

"ನನ್ನ ಅಂಗಡಿ ಮುಂದೆ ಹೆಣ ಬಿದ್ರೆ ಗಂಜಿ ಯಾರು ಕುಡೀತಾರೋ, ನಿಮ್ಮಪ್ಪ?"

ಜನ ಚೀರುತ್ತ ಚದುರಿದರು. ಪ್ರಚಕ್ ಮಾತ್ರ ನಕ್ಕ. "ಕೊಲ್ಬೇಡಿ. ಭಾನುವಾರ ಹನ್ನೊಂದಕ್ಕೆ ದೋಣಿ ಹೊರಡತ್ತೆ. ಅಪಚಾರ ಮಾಡಿದೋನೇ ಅದೇ ಕಡಲಲ್ಲಿ ಅಮ್ಮನಿಗೆ ಹೊಸ ಬಟ್ಟೆ ಕಟ್ಟಲಿ!"

ಹೋದವನು ವಾಪಸ್ ಬರುವುದಿಲ್ಲ ಅಂತ ಕಟ್ಟೆಯ ಬೆಕ್ಕಿಗೂ ಗೊತ್ತಾಯಿತು. ಹೋಗಲಿ... ಸಾಯಲಿ! ಸಂದಾ ಮನೆಗೆ ಹೋಗಿ ಕವಡೆಗಳನ್ನೆಲ್ಲ ಕಾಲುವೆಗೆ ಚೆಲ್ಲಿದಳು. ಒಂದು ಮಾತ್ರ ಅಂಗೈಗೆ ಅಂಟಿಕೊಂಡು ಉಳಿಯಿತು. ಅದನ್ನು ಎಸೆಯಲು ಕೈ ಬರಲಿಲ್ಲ.

*

ಸತ್ತವರ ಜೀವ ಏಳು ದಿನ ಮನೆ ಸುತ್ತ ಅಲೆಯುತ್ತದೆ. ಏಳನೇ ದಿನ ಭಿಕ್ಷುಗಳಿಗೆ ಉಣಬಡಿಸಿ ಅದನ್ನು ಬಿಡಿಸಬೇಕು. ಹುಟ್ಟೂರಿನ ವಿಹಾರದಲ್ಲೇ ಮಾಡೋಣವೆಂದು ಸಂದಾ ಭಾನುವಾರ ಒಂಬತ್ತಕ್ಕೆ ಅನ್ನ, ಕೋಳಿ ಸಾರು ಹೊತ್ತು ಆಚೆ ದಡದ ಕೌತಾಂಗಿಗೆ ದೋಣಿ ಹತ್ತಿದಳು.

ಅರ್ಧ ಗಂಟೆಯ ನೀರು. ಆಚೆ ದೇಶದ ಗಡಿಯಾರವೂ ನಮ್ಮದಕ್ಕಿಂತ ಅರ್ಧ ಗಂಟೆ ಹಿಂದೆ. ಒಂಬತ್ತಕ್ಕೆ ಹೊರಟವಳು ಒಂಬತ್ತಕ್ಕೇ ಇಳಿದಳು. ಇಂಥ ಅರ್ಧ ಗಂಟೆ ಅಣ್ಣನಿಗೂ ವಾಪಸ್ ಸಿಕ್ಕಿದ್ದರೆ... ಅಂದುಕೊಂಡು ಅತ್ತಳು.

ಗುಡ್ಡ ಹತ್ತಿ, ಬಡಿಸಿ ಮುಗಿಸುವಷ್ಟರಲ್ಲಿ ವಿಹಾರದ ಹಿರಿಯ ಭಿಕ್ಷು, ಮುದಿ ಭಂತೆ ಕೇಳಿದರು. "ಯಾರ ಹೆಸರಿಗಮ್ಮಾ?"

"ನನ್ನಣ್ಣ... ಯೇಲಿನ್ ಹೆಸರಿಗೆ."

ಭಂತೆ ಪಾತ್ರೆ ಕೆಳಗಿಟ್ಟು ಅವಳ ಮುಖವನ್ನೇ ನೋಡಿದರು. "ಊಟ ಮಾಡ್ತೀನಿ. ಆದ್ರೆ ಬದುಕಿರೋನ ಜೀವ ಬಿಡಿಸೋ ಮಂತ್ರ ನಂಗೆ ಬರಲ್ಲ, ಮಗಳೇ."

ಅವಳು ಒಳಕೋಣೆಗೆ ಓಡಿದಳು. ಚಾಪೆಯ ಮೇಲೆ ಯೇಲಿನ್! ಬಲಗೈ ಮೊಣಕೈಗೆ ಮುಗಿದಿತ್ತು. ಉಳಿದ ತುಂಡನ್ನು ಎದೆಗೆ ಎತ್ತಿ ಕಟ್ಟಿದ್ದ ಬಟ್ಟೆ ಕೆಂಪು. ಅದರ ಮೇಲೆ ಕಪ್ಪಾದ ರಕ್ತ. ಅಮ್ಮನ ಶಾಲು...!

"ಅಣ್ಣಾ!"

"ಅಳ್ಬೇಡ್ವೇ... ಜ್ವರ ಬಿಟ್ಟಿದ್ದೇ ನಿನ್ನೆ. ಹುಷಾರಿಲ್ಲದ ಕೂಲಿಯೊಬ್ಬನ್ನ ಬಲೆ ಎಳೀ ಅಂತ ಪ್ರಚಕ್ ಒದೀತಿದ್ದ. ಅಡ್ಡ ಹೋದೆ, ಕತ್ತಿ ಬೀಸಿದ. ವಾರಿತ್ ಮೂತಿ ಮೇಲಿನ ಬಟ್ಟೆಯೆಲ್ಲ ಕೊಯ್ದು ಕೈ ಬಿಗಿದ. ಇಲ್ದಿದ್ರೆ ಅಲ್ಲೇ ರಕ್ತ ಬಸಿದು ಸಾಯ್ತಿದ್ದೆ. ಪ್ರಚಕ್ ನನ್ನ ನೀರಿಗೆ ತಳ್ಳಿಸಿದ, ವಾರಿತ್ ಖಾಲಿ ಡ್ರಮ್ ಎಸೆದ. ಎಂಜಿನ್ ಕೆಟ್ಟಿದೆ ಅಂತ ಸುಳ್ಳು ಹೇಳಿ ದೋಣಿ ನಿಲ್ಲಿಸಿ, ಏಡಿ ಹಿಡಿಯೋರು ನನ್ನ ಎತ್ಕೊಳ್ಳೋವರೆಗೂ ನೋಡ್ತಾ ನಿಂತಿದ್ದ. ನಾನು ಬದುಕಿರೋದು ಪ್ರಚಕ್‌ಗೆ ಗೊತ್ತಾಗಿದ್ರೆ ಇಲ್ಲಿಗೇ ಜನ ಕಳಿಸಿ ಮುಗಿಸ್ತಿದ್ದ. ವಾರಿತ್ ಎಲ್ಲೇ?"

ಹನ್ನೊಂದಕ್ಕೆ ದೋಣಿ ಹೊರಡುತ್ತದೆ! ಗೋಡೆಯ ಗಡಿಯಾರದಲ್ಲಿ ಹತ್ತಕ್ಕೆ ಹತ್ತು ನಿಮಿಷ. ಇನ್ನೂ ಒಂದು ಗಂಟೆ ಇದೆ...! ಇಲ್ಲ, ಇಲ್ಲ. ಆಚೆ ದಡದಲ್ಲಿ ಆಗಲೇ ಹತ್ತು ಇಪ್ಪತ್ತು. ಬರುವಾಗ ಸಿಕ್ಕಿದ ಅರ್ಧ ಗಂಟೆಯನ್ನು ಗಡಿಯಾರ ವಾಪಸ್ ಕಿತ್ತುಕೊಂಡಿತ್ತು.

"ನಾನೂ ಬರ್ತೀನಿ," ಎಂದು ಯೇಲಿನ್ ಎದ್ದ. ಭಂತೆ ಊಟ ಬಿಟ್ಟು ಕೊಡೆ ತೆಗೆದುಕೊಂಡರು.

*

ರನೋಂಗ್ ಕಟ್ಟೆಯಲ್ಲಿ ಪ್ರಚಕ್‌ನ ದೋಣಿಯ ಎಂಜಿನ್ ಗುಡುಗುತ್ತಿತ್ತು. ವಾರಿತ್‌ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಮೂತಿಯ ಹತ್ತಿರ ಮಂಡಿಯೂರಿಸಿದ್ದರು. ದೋಣಿಯನ್ನು ಕಟ್ಟೆಗೆ ಕಟ್ಟಿದ ಹಗ್ಗ ಬಿಚ್ಚುವುದೊಂದೇ ಬಾಕಿ. ಅಷ್ಟರಲ್ಲಿ ಕೌತಾಂಗಿನ ಸಣ್ಣ ದೋಣಿ ಅಡ್ಡ ನುಗ್ಗಿ ಡಿಕ್ಕಿ ಹೊಡೆಯಿತು! ಸಂದಾ ಹಾರಿ ದೊಡ್ಡ ದೋಣಿಯ ಮೂತಿಯ ಮೇಲೆ ಕಾಲಿಟ್ಟಳು.

ಕಟ್ಟೆಯಿಡೀ "ಅಯ್ಯೋ!" ಎಂದಿತು. ಅಮ್ಮನ ತಲೆಯ ಮೇಲೆ ಕಾಲು!

"ಇಳಿಯೇ, ಹಾಳಾದೋಳೇ!" ಪ್ರಚಕ್ ಕತ್ತಿ ಎತ್ತಿ ಬಂದ.

ಕೈ ಕಟ್ಟಿದ್ದರೇನು, ತಲೆ ಇತ್ತಲ್ಲ! ವಾರಿತ್ ಎದ್ದವನೇ ಪ್ರಚಕ್‌ನ ಮುಖಕ್ಕೆ ಹಣೆಯಿಂದ ಗುದ್ದಿದ. ಮೂಗು ಒಡೆಯಿತು. ಬೀಳುತ್ತ ಪ್ರಚಕ್ ಬೀಸಿದ ಕತ್ತಿ ವಾರಿತ್‌ನ ಕೆನ್ನೆ ಸೀಳಿತು. ಇಬ್ಬರೂ ರಕ್ತದಲ್ಲಿ ಹೊರಳಾಡಿದರು. ಸಂದಾ ಹಿಂದೆ ತಿರುಗದೆ, ಅಣ್ಣನ ಕೈಯಿಂದ ಬಿಚ್ಚಿ ತಂದಿದ್ದ ಕೆಂಪು ಬಟ್ಟೆಯನ್ನು ಮೂತಿಗೆ ಸುತ್ತಿದಳು. ಎರಡು ಸುತ್ತು... ಮೂರು ಗಂಟು.

"ಅಮ್ಮನ ಬಟ್ಟೆ ಅಮ್ಮನಿಗೇ ತಂದಿದ್ದೀನಿ! ಆ ಬಟ್ಟೇಲೇ ನನ್ನಣ್ಣನ ಪ್ರಾಣ ಉಳಿದಿದೆ. ನೋಡ್ರೋ!"

ಸಣ್ಣ ದೋಣಿಯಲ್ಲಿ ಭಂತೆಯ ಹೆಗಲಿಗೆ ಒರಗಿ ಯೇಲಿನ್ ನಿಂತಿದ್ದ. ಉಳಿದ ಒಂದು ಕೈ ಎತ್ತಿ ಪ್ರಚಕ್‌ನನ್ನು ತೋರಿಸಿದ.

"ನಿಜ..." ಎಂದ ದೋಣಿಯ ಕೂಲಿಯೊಬ್ಬ. "ನಾವೆಲ್ಲ ನೋಡಿದ್ವಿ. ಹೆದರಿದ್ವಿ."

ಆರು ದಿನದ ಹಿಂದೆ ವಾರಿತ್‌ನನ್ನು ತುಳಿದ ಅದೇ ಕಾಲುಗಳು ಈಗ ಪ್ರಚಕ್‌ನ ಮೇಲೆ ಏರಿದವು! ಜನ ಅಂದರೆ ಇಷ್ಟೇ ನೋಡಿ, ನನಗೆ ಹೇಸಿಗೆಯಾಗುತ್ತದೆ. ಭಂತೆ ಕೊಡೆ ಅಡ್ಡ ಹಿಡಿಯದಿದ್ದರೆ ಪೊಲೀಸರ ಕೈಗೆ ಸಿಗಲು ಅವನು ಉಳಿಯುತ್ತಿರಲಿಲ್ಲ.

*

ಬುನ್ಮಾ ಅತ್ತೆಯ ಬೆಂಚಿನ ಮೇಲೆ ಕೂತು ಸಂದಾ ವಾರಿತ್‌ನ ಕೆನ್ನೆ ಒರೆಸುತ್ತಿದ್ದಳು.

"ಯಾಕೆ ಹೇಳ್ಲಿಲ್ಲ? ಕಿವಿಯಲ್ಲಾದ್ರೂ ಹೇಳ್ಬಹುದಿತ್ತು!"

"ಹೇಳಿದ್ರೆ ನೀನು ಅಳೋದು ನಿಲ್ಲಿಸ್ತಿದ್ದೆ. ನೀನು ಅಳೋದು ನಿಲ್ಲಿಸಿದ್ರೆ ಪ್ರಚಕ್‌ಗೆ ಗೊತ್ತಾಗ್ತಿತ್ತು."

ತನ್ನ ಅಣ್ಣ ಬದುಕಲಿ ಅಂತ ತನ್ನ ದ್ವೇಷವನ್ನು ಇಷ್ಟು ದಿನ ಬಾಯಿ ಮುಚ್ಚಿ ಹೊತ್ತವನು...

"ಭುಜ ಇನ್ನೂ ನೋಯ್ತಿದ್ಯಾ?"

"ಅದೊಂದೇ ನೋಯೋದು. ಮಿಕ್ಕಿದ್ದೆಲ್ಲ ಬರೀ ಗಾಯ."

ಸಂದಾ ಅಳುತ್ತಲೇ ನಕ್ಕು ಅಂಗೈ ಬಿಚ್ಚಿದಳು. ಒಂದೇ ಒಂದು ಕವಡೆ.

"ಉಳಿದಿದ್ದೆಲ್ಲ ಕಾಲುವೆಗೆ ಎಸೆದುಬಿಟ್ಟೆ... ಕ್ಷಮಿಸು."

"ಎಲ್ಲಾನೂ? ಹುಡುಕಿ ಕೊಡೋಕೆ ಇನ್ನೂ ಎರಡು ವರ್ಷ ಬೇಕಲ್ಲೇ! ಡಬ್ಬಿ ಕಳಿಸ್ತೀಯಾ?"

"ಇಲ್ಲ."

ಅವನ ಮುಖ ಬಾಡಿತು. ಅವಳು ಕವಡೆಯನ್ನು ಅವನ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಿಸಿದಳು.

"ಇನ್ಮೇಲೆ ಡಬ್ಬಿ ಇಲ್ಲ. ಬಿಸಿಬಿಸಿಯಾಗಿ ನಾನೇ ಬಡಿಸ್ತೀನಿ. ದಿನಾ ಬಂದು ನನ್ನೆದುರು ಕೂತು ಉಣ್ಣು."

"ದಿನಾನಾ...?"

"ದಿನಾ."